ಲಸಿಕೆ ಪುಸ್ತಕದ ಕೊನೆಯ ಹಾಳೆ

ನಮ್ಮ ಬದಿಯಲ್ಲಿ ವಿಲಾಯ್ತಿ ಅಂದರೆ
ಹಡಗು ಹತ್ತಿ ಹೋಗುವಷ್ಟು ದೂರ.
ಇಲ್ಲಿ, ಒಮಾನಿನ ಈ ಒಳನಾಡಿನಲ್ಲಿ,
ವಿಲಾಯತ್ ಅಂದರೆ ಬರೀ ತಾಲೂಕು.
ಒಂದು ಪೆಟ್ರೋಲ್ ಬಂಕು, ಒಂದು ಮಣ್ಣಿನ ಕೋಟೆ,
ಕೋಟೆಗೆ ಬೀಗ,
ಬೀಗದ ಕೈ ಯಾರ ಹತ್ತಿರವೋ.

ಬುಧವಾರ ನಸುಕಿಗೇ ಹೊರಡುತ್ತೇವೆ, ಸುಲೈಂ ಮತ್ತು ನಾನು,
ನಡುವೆ ಐಸಿನ ಪೆಟ್ಟಿಗೆ.
ಒಳಗೆ ಪೋಲಿಯೊ, ದಡಾರ, ಧನುರ್ವಾಯು,
ಎರಡು ಡಿಗ್ರಿಗೂ ಎಂಟು ಡಿಗ್ರಿಗೂ ಮಧ್ಯೆ.
ಈ ಸೀಮೆಯಲ್ಲಿ ತಣ್ಣಗಿರುವ ಜಾಗ ಅದೊಂದೇ.

ಸುಲೈಂಗೆ ಭೂಗೋಳ ಕಲಿಸಿದ್ದು ಟೈರು.
ಇಲ್ಲಿ ಜಲ್ಲಿ, ಇಲ್ಲಿ ಹೂಳು,
ಇದು ಹೋದ ವರ್ಷ ನೆರೆ ನುಂಗಿದ ತಿರುವು.
ಮಳೆ ಬಿದ್ದದ್ದು ಬೆಟ್ಟದಾಚೆಯಂತೆ,
ಇಲ್ಲಿ ಸುಡುಬಿಸಿಲಂತೆ,
ನೀರು ಮಾತ್ರ ಬಂತಂತೆ,
ಮೂರು ಆಡು, ಒಂದು ಪಿಕಪ್ಪು ತಗೊಂಡು ಹೋಯಿತಂತೆ.

ಬೆಟ್ಟಗಳೋ, ಹಪ್ಪಳ ಸುಟ್ಟು ಮುರಿದಿಟ್ಟ ಹಾಗೆ.
ವಾದಿಯ ಉದ್ದಕ್ಕೂ ನಮ್ಮ ಬಳ್ಳಾರಿ ಜಾಲಿ.
"ಇದು ಇಲ್ಲಿಯದಲ್ಲ" ಅಂತಾನೆ ಸುಲೈಂ, ಕಿಟಕಿಯಾಚೆ ಉಗುಳಿ,
"ಯಾರೋ ತಂದು ನೆಟ್ಟದ್ದು, ಈಗ ಕಿತ್ತರೂ ಹೋಗುವುದಿಲ್ಲ."
ನಾನು ನನ್ನ ಬದಿಯ ಕಿಟಕಿ ನೋಡಿದೆ.
ಬಂದು ಹದಿನೇಳು ವರ್ಷ.

ಮೇಲೂರು, ಕೆಳಗಿನೂರು. ನಡುವೆ ಫಲಜ್,
ಮೊಳದಗಲದ ನೀರು.
ಯಾರ ತೋಟಕ್ಕೆ ಎಷ್ಟು ಹೊತ್ತು ಎಂದು
ಹಿಂದೆ ನಕ್ಷತ್ರ ನೋಡಿ ಹೇಳುತ್ತಿದ್ದರು,
ಈಗ ಮೊಬೈಲು ನೋಡುತ್ತಾರೆ.
ಜಗಳ ಮಾತ್ರ ನಕ್ಷತ್ರದ ಕಾಲದ್ದೇ.

ಜನಸಂಖ್ಯೆಯನ್ನು ನನ್ನ ಹತ್ತಿರ ಕೇಳಬೇಕು.
ಶುಕ್ರವಾರ ಮೇಲೂರಿಗೆ ಮುನ್ನೂರು ಜನ,
ಭಾನುವಾರ ಬೆಳಗಾದರೆ ಎಪ್ಪತ್ತು.
ಉಳಿದವರು ಮಸ್ಕತ್ತಿನ ಆಫೀಸುಗಳಲ್ಲಿ.
ಈ ವರ್ಷ ಹುಟ್ಟಿದ್ದು ಎರಡು ಮಗು,
ಎರಡಕ್ಕೂ ಗುರುವಾರ ರಾತ್ರಿ ಬರುವ ಅಪ್ಪ.
ಶಾಲೆಗೆ ಹನ್ನೊಂದು ಮಕ್ಕಳು,
ಈಜಿಪ್ಟಿನ ಮೇಷ್ಟ್ರು ಒಬ್ಬರು, ಅವರಿಗೆ ಬಿಪಿ.

ಖರ್ಜೂರದ ಮರ ಹತ್ತುವ ಮೊಫಜ್ಜಲ್,
ಬರಿಸಾಲಿನ ಹುಡುಗ, ಅಂಗಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬಂದ.
ಕಾಗದದ ಪ್ರಕಾರ ಅವನು ಇರುವುದು ಬೇರೆ ವಿಲಾಯತಿನಲ್ಲಿ.
ಕಾಲು ಇಲ್ಲಿತ್ತು.
ಸೂಜಿ ಹಾಕಿ ಪೆನ್ಸಿಲಿನಲ್ಲಿ ಬರೆದುಕೊಂಡೆ.
ಕೊನೆಯ ಹಾಳೆ ಪೆನ್ಸಿಲಿನವರದು.
ಇಪ್ಪತ್ತಾರು ಹೆಸರು,
ಯಾರಾದರೂ ತಪಾಸಣೆಗೆ ಬಂದರೆ
ರಬ್ಬರು ನನ್ನ ಕಿಸೆಯಲ್ಲೇ ಇದೆ.

ಆಮೇಲೆ ರಯ್ಯಾ, ಸಕ್ಕರೆ ಕಾಯಿಲೆಯ ರಯ್ಯಾ.
ಮಿಡತೆ ಬಂದ ವರ್ಷ ಹುಟ್ಟಿದವಳು,
ಪುಸ್ತಕದಲ್ಲಿ ಜನವರಿ ಒಂದು.
ಈ ಊರಿನ ಮುದುಕರೆಲ್ಲ ಹುಟ್ಟಿದ್ದು ಜನವರಿ ಒಂದಕ್ಕೇ.
"ಹಿಂದ್‌ನಲ್ಲಿ ಎಲ್ಲಿ?" ಎಂದಳು,
ಹದಿನೇಳು ವರ್ಷದಲ್ಲಿ ಮೊದಲ ಸಲ.
"ಬಸರೂರು. ಮಂಜರೂರಿನಿಂದ ಬಡಗು."
ಕಣ್ಣು ಸಣ್ಣ ಮಾಡಿದಳು.
ಅವಳ ಚಿಕ್ಕಂದಿನಲ್ಲಿ ಒಂಟೆಯ ಮೇಲೆ ಅಕ್ಕಿ ಬರುತ್ತಿತ್ತಂತೆ,
ಸೂರ್ ಬಂದರಿನಿಂದ ಒಂಬತ್ತು ರಾತ್ರಿ.
ಈದ್‌ಗೆ ಒಂದು ಹಿಡಿ, ಬಾಣಂತಿಗೆ ಒಂದು ಹಿಡಿ.
ಗೋಣಿಚೀಲದಲ್ಲೋ ಎಂದು ಕೇಳಿದೆ.
ಅಲ್ಲ, ಎಂದು ಎರಡು ಕೈ ಎತ್ತಿ
ಗಾಳಿಯಲ್ಲಿ ಒಂದು ಗುಂಡು ಮಾಡಿ ತೋರಿಸಿದಳು,
ಬೈಹುಲ್ಲು ಸುತ್ತಿ, ಹಗ್ಗ ಬಿಗಿದು,
ಗುದ್ದಿ ಗುದ್ದಿ ಗಟ್ಟಿ ಮಾಡಿದ ಗುಂಡು.

ಮುಡಿ!
ನಮ್ಮ ಅಂಗಳದಲ್ಲಿ ಅಜ್ಜಯ್ಯ ಕಟ್ಟುತ್ತಿದ್ದ ಮುಡಿ.

"ಅಕ್ಕಿ ನಮಗೆ," ಅಂದಳು ರಯ್ಯಾ, "ಹುಲ್ಲು ಆಡಿಗೆ.
ಆ ಹುಲ್ಲು ತಿಂದ ಆಡಿನ ಹಾಲು ಬೇರೆಯೇ ಇತ್ತು."
ಇದ್ದರೂ ಇತ್ತೇನೋ.
ಅವಳ ತೋಳು ಒರೆಸಿದೆ. ಚುಚ್ಚಿದೆ. ಅವಳು ಮುಖ ತಿರುಗಿಸಲಿಲ್ಲ.

ಫಾರ್ಮಿನಲ್ಲಿ ಇತಿಹಾಸಕ್ಕೆ ಕಾಲಂ ಇಲ್ಲ.
ಕೊನೆಯ ಹಾಳೆಗೆ ತಿರುಗಿಸಿ,
ಮೊಫಜ್ಜಲನ ಕೆಳಗೆ, ಕನ್ನಡದಲ್ಲಿ ಬರೆದೆ:
ಬಸರೂರಿನ ಅಕ್ಕಿ, ಒಂದು ಮುಡಿ. ತಲುಪಿದೆ.

ಸುಲೈಂ ಹಾರನ್ ಹೊಡೆಯುತ್ತಿದ್ದಾನೆ.
ಐಸು ಕರಗುತ್ತಿದೆ,
ಕೆಳಗಿನೂರು ಇನ್ನೂ ಬಾಕಿ.